ಅಳಿದ ರೈಲು ನೆಲೆಗಳೂ ಹಳೆಯ ನಕ್ಷೆಗಳೂ: ಕೊಯಮತ್ತೂರು ಸೀಮೆಯ ಒಂದು ಪರಿಶೀಲನೆ

ನಮ್ಮ ಶಾಲೆಯ ಬೀರುವಿನಲ್ಲಿ ಬಹುಕಾಲದಿಂದ ಸುರುಳಿ ಸುತ್ತಿಟ್ಟಿದ್ದ ಕೊಯಮತ್ತೂರು ಜಿಲ್ಲೆಯ ಹಳೆಯ ನಕ್ಷೆಯೊಂದನ್ನು ಬಿಚ್ಚಿ, ಹಿಂಬದಿಗೆ ಬಟ್ಟೆ ಅಂಟಿಸಿ, ಒಂಬತ್ತನೆಯ ತರಗತಿಯ ಗೋಡೆಗೆ ತೂಗುಹಾಕಿದ್ದೆವು. ಎರಡು ದಿನ ಅದನ್ನು ನೋಡಿದ ಹುಡುಗನೊಬ್ಬನು ಮೂರನೆಯ ದಿನ ಎದ್ದುನಿಂತು, “ಸಾರ್, ಕೊಯಮತ್ತೂರು ಇಷ್ಟು ದೊಡ್ಡ ಊರು. ರೈಲುದಾರಿ ಮಾತ್ರ ಅದನ್ನು ಪಕ್ಕಕ್ಕೆ ಬಿಟ್ಟು ಪೋತನೂರಿಗೆ ಹೋಗಿದೆ. ನಕ್ಷೆ ಬರೆದವರು ತಪ್ಪು ಮಾಡಿದ್ದಾರೆಯೆ?” ಎಂದು ಕೇಳಿದನು.

ನಕ್ಷೆ ಬರೆದವರು ತಪ್ಪು ಮಾಡಿರಲಿಲ್ಲ. ಇಂದು ಕಾಣುತ್ತಿರುವ ವ್ಯವಸ್ಥೆಯೇ ಎಂದೆಂದಿಗೂ ಇದ್ದಿತೆಂದು ಭಾವಿಸಿಕೊಂಡದ್ದು ನಮ್ಮ ತಪ್ಪು. ಅದೇ ನಕ್ಷೆಯ ನೆತ್ತಿಯಲ್ಲಿ ಕೊಳ್ಳೇಗಾಲ ತಾಲ್ಲೂಕು ಇತ್ತು. ಹುಡುಗರಿಗೆ ಅದೂ ವಿಚಿತ್ರವಾಗಿಯೇ ಕಂಡಿತು. ೧೯೫೬ರ ನವೆಂಬರ್ ೧ರವರೆಗೆ ಕೊಳ್ಳೇಗಾಲವು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದೂ, ಕನ್ನಡ ಮಾತನಾಡುವ ಆ ತಾಲ್ಲೂಕಿನ ಜನರಿಗೆ ಕಲೆಕ್ಟರರ ಕಚೇರಿ ಎಂದರೆ ಹಾಸನೂರು, ದಿಂಬಂ, ಸತ್ಯಮಂಗಲಗಳನ್ನು ದಾಟಿ ಹೋಗಬೇಕಾದ ಕೊಯಮತ್ತೂರೇ ಆಗಿತ್ತೆಂಬುದೂ ಈಗಿನ ಮಕ್ಕಳಿಗೆ ತಿಳಿಯದು. ಅದೇ ದಾರಿಯ ತಾಳವಾಡಿ ಸೀಮೆ ಆಚೆಯ ರಾಜ್ಯದಲ್ಲಿಯೇ ಉಳಿಯಿತು. ಆದುದರಿಂದ ಕೊಯಮತ್ತೂರು ಸೀಮೆಯ ರೈಲುದಾರಿಯ ಚರಿತ್ರೆ ಗಡಿನಾಡ ಕನ್ನಡಿಗರಿಗೆ ಪರರ ಮನೆಯ ಸುದ್ದಿಯಲ್ಲ. ಅದು ನಮ್ಮ ಹಿರಿಯರು ನಡೆದ ದಾರಿಯ ಕೊನೆಯಲ್ಲಿದ್ದ ಠಾಣೆಗಳ ಸುದ್ದಿ.

ಕಣ್ಮರೆಯಾದ ರೈಲು ನೆಲೆಗಳನ್ನು ಹಳೆಯ ನಕ್ಷೆಗಳ ನೆರವಿನಿಂದ ಹುಡುಕುವುದು ಹೇಗೆ, ಹುಡುಕುವಾಗ ಎಲ್ಲೆಲ್ಲಿ ಮೋಸಹೋಗುವ ಸಂಭವವುಂಟು ಎಂಬುದನ್ನು ಈ ಲೇಖನದಲ್ಲಿ ಯಥಾಶಕ್ತಿ ವಿವರಿಸಲು ಪ್ರಯತ್ನಿಸಿದ್ದೇನೆ. ನೆಲೆ ಎಂಬ ಮಾತಿನಿಂದ ಠಾಣೆಯ ಕಟ್ಟಡವನ್ನು ಮಾತ್ರವಲ್ಲದೆ ಕವಲುದಾರಿ, ಸರಕುಕಟ್ಟೆ, ಇಂಜಿನ್ ಮನೆ, ನೀರಿನ ತೊಟ್ಟಿ, ಇಂಜಿನ್ ತಿರುಗಿಸುವ ಚಕ್ರ ಮುಂತಾದುವೆಲ್ಲವನ್ನೂ ಗ್ರಹಿಸಬೇಕು.

೧. ಪೋತನೂರಿನ ಹಿರಿತನ

ಮೊದಲು ಹುಡುಗನ ಪ್ರಶ್ನೆಗೆ ಉತ್ತರ ಹೇಳೋಣ. ದಕ್ಷಿಣ ಭಾರತದ ಮೊದಲ ರೈಲುದಾರಿಯು ೧೮೫೬ರ ಜುಲೈ ೧ರಂದು ಮದರಾಸಿನ ರಾಯಪುರದಿಂದ ಆರ್ಕಾಟಿನ ದಿಕ್ಕಿಗೆ ತೆರೆಯಿತು. ಮದರಾಸು ರೈಲ್ವೆ ಕಂಪೆನಿಯ ಗುರಿ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ, ಎಂದರೆ ಕಲ್ಲಿಕೋಟೆಯ ಸಮೀಪದ ಬೇಪೂರಿಗೆ, ದಾರಿ ಹಾಕುವುದಾಗಿತ್ತು. ಪಶ್ಚಿಮ ಘಟ್ಟಗಳ ನಡುವೆ ಪಾಲಕ್ಕಾಡಿನ ಬಳಿ ಪ್ರಕೃತಿಯೇ ತೆರೆದಿಟ್ಟಿರುವ ಕಂಡಿಯ ಕಡೆಗೆ ಈರೋಡು, ತಿರುಪ್ಪೂರುಗಳ ಮೂಲಕ ಸಾಗಿದ ದಾರಿಯು ಇರುಗೂರಿನಿಂದ ನೈಋತ್ಯಕ್ಕೆ ಹೊರಳಿ ಪೋತನೂರನ್ನು ಮುಟ್ಟಿತು. ೧೮೬೨ರಲ್ಲಿ ಎರಡು ಕಡಲುಗಳಿಗೂ ರೈಲಿನ ಸಂಪರ್ಕವಾಯಿತು. ಕೊಯಮತ್ತೂರು ಪಟ್ಟಣ ಉತ್ತರಕ್ಕೆ ಕೆಲವೇ ಮೈಲಿ ದೂರದಲ್ಲಿ ರೈಲಿಲ್ಲದೆ ಉಳಿಯಿತು.

ಈಗಿನ ನಕ್ಷೆಯ ಮೇಲೆ ಒಂದು ದಾರವನ್ನಿಟ್ಟು ಅಳೆದರೆ ಕಾರಣ ಹೊಳೆಯುತ್ತದೆ. ಇರುಗೂರಿನಿಂದ ನೇರವಾಗಿ ಪೋತನೂರಿಗೆ ಇರುವ ದಾರಿಗಿಂತ ಕೊಯಮತ್ತೂರನ್ನು ಬಳಸಿ ಬರುವ ದಾರಿ ಸುಮಾರು ಇಮ್ಮಡಿಯಾಗುತ್ತದೆ. ಕಡಲಿನಿಂದ ಕಡಲಿಗೆ ಹೊರಟ ಕಂಪೆನಿಗೆ ಇಷ್ಟು ಬಳಸು ಬೇಕಾಗಿರಲಿಲ್ಲ. ಅಂದಿನ ಕೊಯಮತ್ತೂರಾದರೂ ಇಂದಿನ ಕೊಯಮತ್ತೂರಲ್ಲ. ಅಲ್ಲಿ ಪುರಸಭೆ ಏರ್ಪಟ್ಟದ್ದು ೧೮೬೬ರಲ್ಲಿ. ಸ್ಟೇನ್ಸ್ ಅವರ ನೂಲಿನ ಗಿರಣಿ ಪ್ರಾರಂಭವಾದದ್ದು ೧೮೮೮ರಲ್ಲಿ. ಪೈಕಾರಾ ವಿದ್ಯುತ್ತು ಬಂದು ಗಿರಣಿಗಳು ಸಾಲುಗಟ್ಟಿದ್ದು ೧೯೩೦ರ ದಶಕದಲ್ಲಿ.

ಪಟ್ಟಣಕ್ಕೆ ರೈಲು ಬಂದದ್ದು ೧೮೭೩ರಲ್ಲಿ, ಪೋತನೂರಿನಿಂದ ಮೆಟ್ಟುಪಾಳ್ಯಕ್ಕೆ ಹಾಕಿದ ಕವಲುದಾರಿಯ ಮೂಲಕ. ಆ ಕವಲಿನ ಮುಖ್ಯ ಪ್ರಯೋಜನ ನೀಲಗಿರಿಗೆ ಹೋಗುವವರನ್ನು ಬೆಟ್ಟದ ಬುಡಕ್ಕೆ ತಲುಪಿಸುವುದಾಗಿತ್ತು. ಎಂದರೆ ಕೊಯಮತ್ತೂರು ಬಹುಕಾಲ ಕವಲಿನ ಮೇಲಿನ ಒಂದು ಠಾಣೆ, ಪೋತನೂರೇ ಸಂಧಿಸ್ಥಾನ. ಮುಂದೆ ಪೀಳಮೇಡು, ಸಿಂಗಾನಲ್ಲೂರುಗಳ ಮೂಲಕ ಇರುಗೂರಿಗೂ ಕೊಯಮತ್ತೂರಿಗೂ ನೇರ ಸಂಪರ್ಕವೇರ್ಪಟ್ಟ ಮೇಲೆ ಎರಡೂ ಊರುಗಳ ಸ್ಥಾನ ಅದಲುಬದಲಾಯಿತು. ಮೊದಲಿನ ಮುಖ್ಯದಾರಿಯಾದ ಇರುಗೂರು–ಪೋತನೂರು ತುಂಡು ಈಗಲೂ ಇದೆ. ಆದರೆ ಕೊಯಮತ್ತೂರನ್ನು ಮುಟ್ಟದೆ ಹೋಗುವ ಗಾಡಿಗಳಿಗೆ ಅದೊಂದು ಒಳದಾರಿಯಾಗಿದೆ. ಅಕ್ಕ ತಂಗಿಯಾದಳು, ತಂಗಿ ಅಕ್ಕನಾದಳು. ಈ ಮಾರ್ಪಾಟನ್ನು ಒಂದೇ ನೋಟಕ್ಕೆ ತಿಳಿಯಬೇಕಾದರೆ ಬೇರೆ ಬೇರೆ ಕಾಲದ ಎರಡು ನಕ್ಷೆಗಳನ್ನು ಪಕ್ಕಪಕ್ಕದಲ್ಲಿ ಇಡುವುದಕ್ಕಿಂತ ಸುಲಭವಾದ ಉಪಾಯವಿಲ್ಲ.

೨. ನಾಲ್ಕು ಹಾಳೆಗಳ ಸಂಧಿ

ಭಾರತ ಸರ್ವೇಕ್ಷಣ ಇಲಾಖೆಯ ನಕ್ಷೆಗಳಿಗೆ ಕ್ರಮವಾದ ಸಂಖ್ಯೆಗಳಿವೆ. ೫೮ ಎಂಬ ಸಂಖ್ಯೆಯು ೮ರಿಂದ ೧೨ ಅಂಶದವರೆಗಿನ ಉತ್ತರ ಅಕ್ಷಾಂಶ, ೭೬ರಿಂದ ೮೦ ಅಂಶದವರೆಗಿನ ಪೂರ್ವ ರೇಖಾಂಶಗಳ ಚೌಕವನ್ನು ಸೂಚಿಸುತ್ತದೆ. ಅದನ್ನು ಒಂದೊಂದು ಅಂಶದ ಹದಿನಾರು ಚೌಕಗಳಾಗಿ ಒಡೆದು ಇಂಗ್ಲಿಷ್ ಅಕ್ಷರಗಳಿಂದ ಹೆಸರಿಸಿದ್ದಾರೆ. ಒಂದೊಂದು ಅಕ್ಷರದ ಚೌಕವನ್ನೂ ಪುನಃ ಹದಿನಾರಾಗಿ ಒಡೆದು ಒಂದರಿಂದ ಹದಿನಾರರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ಒಂದು ಅಂಗುಲಕ್ಕೆ ಒಂದು ಮೈಲಿಯಂತೆ ಬರೆದ ಪ್ರಸಿದ್ಧ ನಕ್ಷೆಗಳು ಈ ಕೊನೆಯ ಚೌಕಗಳವು.

ನಮ್ಮ ವಿಷಯಕ್ಕೆ ಬಂದರೆ ಒಂದು ವಿನೋದವಿದೆ. ೧೧ ಅಂಶ ಅಕ್ಷಾಂಶವೂ ೭೭ ಅಂಶ ರೇಖಾಂಶವೂ ಕೂಡುವ ಬಿಂದು ಕೊಯಮತ್ತೂರು ನಗರದೊಳಗೇ ಬೀಳುತ್ತದೆ. ಆದುದರಿಂದ ನಗರದ ಉತ್ತರಭಾಗ ೫೮ ಎ/೧೬ನೆಯ ಹಾಳೆಯಲ್ಲಿದ್ದರೆ ಪೋತನೂರು ೫೮ ಬಿ/೧೩ರಲ್ಲಿಯೂ, ಇರುಗೂರು ೫೮ ಇ/೪ರಲ್ಲಿಯೂ ಇವೆ. ಆಗ್ನೇಯ ಮೂಲೆಗೆ ೫೮ ಎಫ್/೧ ಬೇಕು. ತಿರುಪ್ಪೂರಿಗೆ ೫೮ ಇ/೮, ಪೊಳ್ಳಾಚಿಗೆ ೫೮ ಎಫ್/೨, ಮೆಟ್ಟುಪಾಳ್ಯಕ್ಕೆ ೫೮ ಎ/೧೫. ಒಂದೇ ಹಾಳೆಯನ್ನು ತಂದು ಕೊಯಮತ್ತೂರಿನ ರೈಲು ಚರಿತ್ರೆಯನ್ನು ಓದುತ್ತೇನೆಂದು ಕುಳಿತವನಿಗೆ ಕುರುಡರು ಆನೆಯನ್ನು ಮುಟ್ಟಿದ ಗತಿಯಾಗುತ್ತದೆ. ನಾಲ್ಕು ಹಾಳೆಗಳನ್ನೂ ನೆಲದ ಮೇಲೆ ಅಂಚಿಗೆ ಅಂಚು ಕೂಡಿಸಿ ಇಟ್ಟಾಗಲೇ ಸಂಧಿಸ್ಥಾನದ ಪೂರ್ಣಸ್ವರೂಪ ಕಾಣುವುದು. ನಾಲ್ಕು ಹಾಳೆಗಳೂ ಒಂದೇ ವರ್ಷ ಅಳತೆಯಾದುವಾಗಿರಲಾರವು. ಒಂದು ಹಾಳೆಯಲ್ಲಿರುವ ರೈಲುದಾರಿ ಪಕ್ಕದ ಹಾಳೆಯ ಅಂಚಿನಲ್ಲಿ ಥಟ್ಟನೆ ನಿಂತುಹೋಗಿದ್ದರೆ ದಾರಿ ಅಲ್ಲಿಗೇ ಮುಗಿದಿತ್ತೆಂದು ತಿಳಿಯಬಾರದು. ಪಕ್ಕದ ಹಾಳೆ ಹಳೆಯದೆಂದು ತಿಳಿಯಬೇಕು.

೩. ಪ್ರಮಾಣಿಸಿ ನೋಡುವ ಕ್ರಮ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮವರ ಗಾದೆ. ನಕ್ಷೆಗಳ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಸೂತ್ರವನ್ನು ನಾನು ಕಾಣೆ.

ಮೊದಲನೆಯದಾಗಿ, ನಕ್ಷೆಯ ಅಂಚಿನ ಬರಹವನ್ನು ಓದಬೇಕು. ನೆಲವನ್ನು ಅಳೆದ ವರ್ಷ ಬೇರೆ, ನಕ್ಷೆಯನ್ನು ಅಚ್ಚುಹಾಕಿದ ವರ್ಷ ಬೇರೆ, ರೈಲುದಾರಿಗಳನ್ನು ತಿದ್ದಿ ಸೇರಿಸಿದ ವರ್ಷ ಬೇರೆ. ಹತ್ತೊಂಬತ್ತನೆಯ ಶತಮಾನದ ‘ಇಂಡಿಯನ್ ಅಟ್ಲಾಸ್’ ಹಾಳೆಗಳು ನಾಲ್ಕು ಮೈಲಿಗೆ ಒಂದು ಅಂಗುಲದಂತೆ ತಾಮ್ರದ ತಗಡಿನ ಮೇಲೆ ಕೊರೆದವು. ರೈಲು ಬಂದ ಮೇಲೆ ಹೊಸದಾಗಿ ನೆಲವನ್ನು ಅಳೆಯದೆ, ಹಳೆಯ ತಗಡಿನ ಮೇಲೆಯೇ ರೈಲುದಾರಿಯ ಗೆರೆಯನ್ನು ಎಷ್ಟೋ ಸಲ ಕೊರೆದು ಸೇರಿಸಿದರು. ಅಂಥ ನಕ್ಷೆಯಲ್ಲಿ ಅಜ್ಜನ ಕಾಲದ ಊರುಗಳ ನಡುವೆ ಮೊಮ್ಮಗನ ಕಾಲದ ರೈಲು ಓಡುತ್ತದೆ. ಪೋತನೂರು–ಪೊಳ್ಳಾಚಿ ದಾರಿ ತೆರೆದದ್ದು ೧೯೧೫ರಲ್ಲಿ. ಅದಕ್ಕೆ ಮುಂಚೆ ಅಳೆದು, ಅನಂತರ ಅಚ್ಚಾದ ಹಾಳೆಯಲ್ಲಿ ಆ ದಾರಿ ಕಂಡರೆ ಅದರ ಮಗ್ಗುಲಿನ ಮನೆ, ಬಾವಿ, ತೋಪುಗಳೂ ಅದೇ ಕಾಲದವೆಂದು ನಂಬುವಂತಿಲ್ಲ.

ಎರಡನೆಯದು ರೇಖಾಂಶದ ದೋಷ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳವರೆಗಿನ ಭಾರತದ ನಕ್ಷೆಗಳಲ್ಲಿ ಮದರಾಸು ವೇಧಶಾಲೆಯ ರೇಖಾಂಶವನ್ನು ಇದ್ದುದಕ್ಕಿಂತ ಸ್ವಲ್ಪ ಹೆಚ್ಚಾಗಿ ಎಣಿಸಿದ್ದರಿಂದ ಎಲ್ಲ ಊರುಗಳ ರೇಖಾಂಶವೂ ಸುಮಾರು ಎರಡೂವರೆ ಕಲೆಯಷ್ಟು ಹೆಚ್ಚಾಗಿತ್ತು. ನಮ್ಮ ಅಕ್ಷಾಂಶದಲ್ಲಿ ಅದು ನಾಲ್ಕೂವರೆ ಕಿಲೋಮೀಟರಿಗೆ ಸಮನಾಗುತ್ತದೆ. ಹಳೆಯ ನಕ್ಷೆಯ ರೇಖಾಂಶವನ್ನು ಇಂದಿನ ಉಪಗ್ರಹ ಚಿತ್ರಕ್ಕೆ ಹಾಗೆಯೇ ಹಚ್ಚಿದ ವಿದ್ಯಾರ್ಥಿಗೆ ಠಾಣೆಯೇ ಪೂರ್ವಕ್ಕೆ ಸರಿದು ಯಾರದೋ ಹೊಲದಲ್ಲಿ ಕುಳಿತಂತೆ ಕಾಣುತ್ತದೆ. ಆಗ “ಹಳೆಯ ಠಾಣೆ ಇಲ್ಲಿತ್ತು, ಆಮೇಲೆ ಬದಲಾಯಿಸಿದರು” ಎಂಬ ಹುಸಿ ಚರಿತ್ರೆ ಹುಟ್ಟುತ್ತದೆ. ಆದುದರಿಂದ ಗೆರೆಗಳನ್ನು ನಂಬದೆ ಜಾಗ ಬಿಟ್ಟು ಕದಲದ ಗುರುತುಗಳನ್ನು ಹಿಡಿದು ಎರಡು ನಕ್ಷೆಗಳನ್ನೂ ಹೊಂದಿಸಬೇಕು. ಕೊಯಮತ್ತೂರಿನ ಪುಣ್ಯಕ್ಕೆ ಅಂಥ ಗುರುತುಗಳಿಗೆ ಬಡತನವಿಲ್ಲ. ಪೇರೂರಿನ ದೇವಾಲಯ, ಮರುದಮಲೆ, ನೊಯ್ಯಲ್ ಹೊಳೆ, ಉಕ್ಕಡದ ದೊಡ್ಡಕೆರೆ, ವಾಲಾಂಕುಳಂ, ಸಿಂಗಾನಲ್ಲೂರು ಕೆರೆ ಇವು ಸಾಲಾಗಿ ಇವೆ. ಕೆರೆಯ ನೀರು ಹಿಗ್ಗುವುದು ಕುಗ್ಗುವುದು ಉಂಟು; ಏರಿ ಮಾತ್ರ ಅಲ್ಲಿಯೇ ಇರುತ್ತದೆ.

ಮೂರನೆಯದು ಹೆಸರುಗಳ ಕಾಗುಣಿತ. ಪೋತನೂರು ಇಂಗ್ಲಿಷ್ ನಕ್ಷೆಗಳಲ್ಲಿ ಪೋಡನೂರು ಎಂದು ಓದುವಂತೆ ಇದೆ. ಠಾಣೆಯ ಹೆಸರಿನ ಕೊನೆಗೆ ‘ರೋಡ್’ ಎಂದಿದ್ದರೆ ಊರು ಠಾಣೆಯಿಂದ ದೂರದಲ್ಲಿದೆ ಎಂದರ್ಥ. ಸೂಲೂರು ರೋಡ್, ಮೈವಾಡಿ ರೋಡ್ ಎಂಬ ಹೆಸರುಗಳು ಇದಕ್ಕೆ ಉದಾಹರಣೆ. ಊರಿನ ಗುರುತಿನ ಪಕ್ಕದಲ್ಲಿ ಠಾಣೆಯನ್ನು ಹುಡುಕಿ, ಕಾಣದೆ, “ಠಾಣೆ ಅಳಿದುಹೋಯಿತು” ಎಂದು ಬರೆಯುವುದಕ್ಕೆ ಮೊದಲು ಇದನ್ನು ನೆನಪಿಡಬೇಕು.

೪. ಪ್ರಮಾಣದ ಮಿತಿ ಮತ್ತು ಗ್ರಾಮನಕ್ಷೆ

ಅಂಗುಲಕ್ಕೆ ಮೈಲಿಯ ನಕ್ಷೆ ಎಷ್ಟು ಸೊಗಸಾದರೂ ಅದರ ಶಕ್ತಿಗೆ ಒಂದು ಮಿತಿಯಿದೆ. ಆರುನೂರು ಅಡಿ ಉದ್ದದ ಪ್ಲಾಟ್‌ಫಾರಂ ಆ ನಕ್ಷೆಯಲ್ಲಿ ಅಂಗುಲದ ಒಂಬತ್ತನೆಯ ಒಂದು ಭಾಗದಷ್ಟಾಗುತ್ತದೆ. ಅರುವತ್ತು ಅಡಿ ಅಡ್ಡಳತೆಯ ತಿರುಗುಚಕ್ರ ಅಂಗುಲದ ಎಂಬತ್ತೆಂಟನೆಯ ಒಂದು ಭಾಗ, ಎಂದರೆ ಸೂಜಿಯ ಮೊನೆ. ಇಂಜಿನ್ ಮನೆ, ಕಲ್ಲಿದ್ದಲ ಕಟ್ಟೆ, ಬೂದಿಗುಂಡಿ ಇವನ್ನು ಆ ನಕ್ಷೆಯಲ್ಲಿ ಹುಡುಕುವುದು ವ್ಯರ್ಥ. ದಾರಿ ಎಲ್ಲಿ ಹೋಯಿತು, ಕವಲು ಎಲ್ಲಿ ಒಡೆಯಿತು, ಏರಿ ಎಲ್ಲಿ ಹಾಕಿದರು, ಗುಡ್ಡ ಎಲ್ಲಿ ಕಡಿದರು ಎಂಬಿಷ್ಟನ್ನು ಮಾತ್ರ ಅದು ಹೇಳುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿಗಳಿಗೆ ಕಂದಾಯ ಇಲಾಖೆಯ ಗ್ರಾಮನಕ್ಷೆಯನ್ನು ನೋಡಬೇಕು. ಹಳೆಯ ಮದರಾಸು ಪ್ರಾಂತದಲ್ಲಿ ಗ್ರಾಮನಕ್ಷೆಗಳು ಮೈಲಿಗೆ ಹದಿನಾರು ಅಂಗುಲದ ಪ್ರಮಾಣದವು. ಮೇಲೆ ಹೇಳಿದ ಪ್ಲಾಟ್‌ಫಾರಂ ಅದರಲ್ಲಿ ಎರಡು ಅಂಗುಲಕ್ಕೆ ಸ್ವಲ್ಪವೇ ಕಡಿಮೆಯಾಗುತ್ತದೆ. ಅದಕ್ಕಿಂತಲೂ ಬೆಲೆಯುಳ್ಳದ್ದು ನಕ್ಷೆಯ ಜೊತೆಗಿರುವ ಸರ್ವೆ ನಂಬರುಗಳ ರಿಜಿಸ್ಟರು. ರೈಲ್ವೆಗೆ ಸ್ವಾಧೀನಪಡಿಸಿಕೊಂಡ ಜಮೀನನ್ನು ಅದರಲ್ಲಿ ರೈಲ್ವೆ ಪೊರಂಬೋಕು ಎಂದು ನಮೂದಿಸುತ್ತಾರೆ. ಕಂಬಿ ಕೀಳಬಹುದು, ಕಟ್ಟಡ ಕೆಡವಬಹುದು, ಏರಿಯ ಮಣ್ಣನ್ನು ಜನ ಹೊತ್ತೊಯ್ಯಬಹುದು. ಸರ್ವೆ ನಂಬರು ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಸುತ್ತಲಿನ ಚೌಕಾಕಾರದ ಹೊಲಗಳ ನಡುವೆ ರಿಬ್ಬನ್ನಿನಂತೆ ನೀಳವಾಗಿ ಬಾಗಿಹೋದ ಒಂದು ತುಂಡು ಜಮೀನು ಕಂಡರೆ ಅಲ್ಲಿ ಏನೋ ಓಡಾಡಿತ್ತೆಂದು ಊಹಿಸಬಹುದು. ಹಿಂದಿನ ಕರಣಂ, ಈಗಿನ ಗ್ರಾಮಾಡಳಿತಾಧಿಕಾರಿ ಇಟ್ಟುಕೊಂಡಿರುವ ಈ ಕಾಗದಗಳು ರೈಲ್ವೆಯವರ ಕಾಗದಗಳಿಗಿಂತ ಕೈಗೆ ಹತ್ತಿರ.

ರೈಲ್ವೆಯ ದಾಖಲೆಗಳನ್ನು ಹುಡುಕಹೊರಟವನು ಆಡಳಿತದ ವಂಶಾವಳಿಯನ್ನು ತಿಳಿದಿರಬೇಕು. ೧೯೦೭ರ ಕೊನೆಯವರೆಗೆ ಈ ದಾರಿ ಮದರಾಸು ರೈಲ್ವೆಯದು. ೧೯೦೮ರಿಂದ ಸೌತ್ ಇಂಡಿಯನ್ ರೈಲ್ವೆಯದು. ೧೯೫೧ರ ಏಪ್ರಿಲ್ ೧೪ರಿಂದ ದಕ್ಷಿಣ ರೈಲ್ವೆಯದು. ೧೯೫೬ರಲ್ಲಿ ಒಲವಕ್ಕೋಡು ವಿಭಾಗವಾಯಿತು. ೨೦೦೭ರಲ್ಲಿ ಸೇಲಂ ವಿಭಾಗ ರಚಿತವಾಗಿ ಕೊಯಮತ್ತೂರು, ಪೋತನೂರುಗಳು ಅದಕ್ಕೆ ಸೇರಿದುವು. ಮನೆ ಬದಲಾಯಿಸಿದಂತೆಲ್ಲ ಸಾಮಾನು ಚದರುವುದು ಸಹಜವೇ. ಇವುಗಳ ಜೊತೆಗೆ ಎಫ್. ಎ. ನಿಕಲ್ಸನ್ ಅವರು ೧೮೮೭ರಲ್ಲಿ ಪ್ರಕಟಿಸಿದ ಕೊಯಮತ್ತೂರು ಜಿಲ್ಲೆಯ ಕೈಪಿಡಿಯನ್ನೂ ಹಳೆಯ ವೇಳಾಪಟ್ಟಿಗಳನ್ನೂ ಓದಬೇಕು. ನಕ್ಷೆಯಲ್ಲಿರುವ ಠಾಣೆ ವೇಳಾಪಟ್ಟಿಯಲ್ಲಿಯೂ ಇದ್ದರೆ ಎರಡು ಸಾಕ್ಷಿಗಳು ಕೂಡಿದಂತಾಯಿತು.

೫. ನಮ್ಮ ಕಣ್ಣೆದುರಿಗೇ ಅಳಿದದ್ದು

ಅಳಿದ ನೆಲೆಗಳೆಂದರೆ ನೂರು ವರ್ಷದ ಹಿಂದಿನವೇ ಆಗಬೇಕೆಂದಿಲ್ಲ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಅಳಿದ ಅತಿ ದೊಡ್ಡ ರೈಲು ವ್ಯವಸ್ಥೆ ಮೀಟರ್‌ಗೇಜು. ಅದು ಅಳಿದದ್ದು ನಾವೆಲ್ಲ ನೋಡುತ್ತಿರುವಾಗಲೇ. ಪೋತನೂರಿನಿಂದ ಕಿಣತ್ತುಕಡವು ಮಾರ್ಗವಾಗಿ ಪೊಳ್ಳಾಚಿಗೆ ೧೯೧೫ರಲ್ಲಿ ಹಾಕಿದ ದಾರಿಯು ೧೯೨೮ರಲ್ಲಿ ಉಡುಮಲೆಪೇಟೆ, ಪಳನಿಗಳ ಮೂಲಕ ದಿಂಡಿಗಲ್ಲಿಗೆ ಮುಂದುವರಿಯಿತು. ೧೯೩೨ರಲ್ಲಿ ಪೊಳ್ಳಾಚಿಯಿಂದ ಪಾಲಕ್ಕಾಡಿಗೆ ಇನ್ನೊಂದು ಕವಲು ಆಯಿತು. ಮೀಟರ್‌ಗೇಜಿನ ಗಾಡಿಗಳು ಕೊಯಮತ್ತೂರಿನವರೆಗೂ ಬಂದು, ಅಲ್ಲಿಂದ ರಾಮೇಶ್ವರದವರೆಗೂ ಹೋಗುತ್ತಿದ್ದುವು. ಪಳನಿಯ ಕಾವಡಿ ಹೊತ್ತವರೂ ರಾಮೇಶ್ವರಕ್ಕೆ ಅಸ್ಥಿ ಒಯ್ಯುವವರೂ ಅದರಲ್ಲಿ ಕುಳಿತವರೇ.

ಎರಡು ಅಗಲದ ದಾರಿಗಳು ಕೂಡುವ ಪೋತನೂರಿನಂಥ ಸ್ಥಳದಲ್ಲಿ ಒಂದರ ಗಾಡಿ ಇನ್ನೊಂದರ ಕಂಬಿಯ ಮೇಲೆ ಹೋಗಲಾರದು. ಬ್ರಾಡ್‌ಗೇಜಿನ ಅಗಲ ಐದೂವರೆ ಅಡಿ, ಮೀಟರ್‌ಗೇಜಿನದು ಮೂರು ಅಡಿ ಮೂರು ಅಂಗುಲಕ್ಕೆ ಸ್ವಲ್ಪ ಹೆಚ್ಚು. ಆದುದರಿಂದ ಮೂಟೆ ಮೂಟೆಯನ್ನೂ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಇಂಥ ಕೂಡುಠಾಣೆಗೆ ಎರಡು ಕಂಬಿಗಳ ನಡುವೆ ಕಟ್ಟೆ, ಅದರ ಮೇಲೆ ಚಾವಣಿ, ಕೂಲಿಯವರ ತಂಡ, ಲೆಕ್ಕದ ಗುಮಾಸ್ತ ಇಷ್ಟೂ ಬೇಕು. ೨೦೦೯ರಲ್ಲಿ ಪೋತನೂರು–ಪೊಳ್ಳಾಚಿ ದಾರಿಯನ್ನು ಅಗಲ ಬದಲಾಯಿಸುವುದಕ್ಕಾಗಿ ಮುಚ್ಚಿ ೨೦೧೭ರಲ್ಲಿ ಬ್ರಾಡ್‌ಗೇಜಾಗಿ ತೆರೆದರು. ದಿಂಡಿಗಲ್, ಪಾಲಕ್ಕಾಡುಗಳ ಕಡೆಯ ದಾರಿಗಳು ೨೦೧೫ರಲ್ಲಿಯೇ ಸಿದ್ಧವಾಗಿದ್ದುವು. ಪ್ರಯಾಣಿಕರಿಗೆ ಇದರಿಂದ ಅನುಕೂಲವೇ ಆಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂದಿನ ನಕ್ಷೆಯನ್ನು ನೋಡಿದವನಿಗೆ ದಾರಿ ಮೊದಲು ಇದ್ದಲ್ಲೇ ಇದೆ. ಗೆರೆ ಅದೇ, ಹೆಸರು ಅದೇ. ಒಳಗಿನ ಕೆಲಸದ ಲೋಕ ಪೂರ್ತಿ ಹೋಗಿದೆ ಎಂಬುದನ್ನು ಸೂಚಿಸಲು ನಕ್ಷೆಯಲ್ಲಿ ಅಗಲದ ಸಂಜ್ಞೆಯೊಂದು ಬದಲಾಗಿದೆ, ಅಷ್ಟೆ.

ತಿರುಪ್ಪೂರಿನ ಕಡೆ ಮುಖ್ಯದಾರಿಯ ಸಣ್ಣ ಠಾಣೆಗಳದು ಬೇರೆ ಕಥೆ. ವಂಜಿಪಾಳ್ಯ, ಸೋಮನೂರು, ಊತ್ತುಕುಳಿ ಇವು ಹತ್ತಿಯ ಸೀಮೆಯ ಠಾಣೆಗಳು. ಒಂದೆರಡು ವ್ಯಾಗನ್ನಿನಷ್ಟು ಸರಕನ್ನೂ ಪ್ರತಿ ಠಾಣೆಯಲ್ಲಿ ಒಪ್ಪಿಕೊಳ್ಳುತ್ತಿದ್ದ ಕ್ರಮವನ್ನು ರೈಲ್ವೆಯವರು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ದೇಶಾದ್ಯಂತ ಕೈಬಿಟ್ಟು, ಪೂರ್ಣ ಗಾಡಿಯ ಸರಕಿಗೆ ಪ್ರಾಶಸ್ತ್ಯ ಕೊಟ್ಟರು. ಬಿಡಿ ಸರಕು ಲಾರಿಯ ಪಾಲಾಯಿತು. ಸಣ್ಣ ಠಾಣೆಗಳ ಸರಕುಕಟ್ಟೆಗೂ ಪಕ್ಕದ ಕಂಬಿಗೂ ಕೆಲಸವಿಲ್ಲದಾಯಿತು. ತಿರುಪ್ಪೂರು ೨೦೦೯ರಲ್ಲಿ ಜಿಲ್ಲಾಸ್ಥಾನವಾಗುವಷ್ಟು ಬೆಳೆದದ್ದು ಹೆಣಿಗೆ ಬಟ್ಟೆಯ ಉದ್ಯಮದಿಂದ. ಊರು ಬೆಳೆದರೂ ಹತ್ತಿರದ ರೈಲು ನೆಲೆ ಅಳಿಯಬಹುದೆಂಬುದಕ್ಕೆ ಇದು ನಿದರ್ಶನ.

ಅಳಿದದ್ದನ್ನು ಗುರುತಿಸಬೇಕಾದರೆ ಉಳಿದದ್ದನ್ನು ನೋಡಿರಬೇಕು. ಅದಕ್ಕೆ ಮೆಟ್ಟುಪಾಳ್ಯಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ೧೮೯೯ರಲ್ಲಿ ಕೂನೂರಿಗೂ ೧೯೦೮ರಲ್ಲಿ ಉದಕಮಂಡಲಕ್ಕೂ ತಲುಪಿದ ನೀಲಗಿರಿ ಬೆಟ್ಟದ ರೈಲು ಈಗಲೂ ಮೀಟರ್‌ಗೇಜಿನದೇ. ೨೦೦೫ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಗೆ ಸೇರಿಸಿತು. ಕಲ್ಲಾರಿನಿಂದ ಹಲ್ಲುಕಂಬಿ ಪ್ರಾರಂಭವಾಗುವುದನ್ನೂ, ಉಗಿಯ ಇಂಜಿನ್ನು ನೀರಿಗಾಗಿ ನಿಲ್ಲುವುದನ್ನೂ, ಬ್ರಾಡ್‌ಗೇಜು ಮೀಟರ್‌ಗೇಜುಗಳು ಒಂದೇ ಠಾಣೆಯಲ್ಲಿ ಎದುರುಬದುರಾಗಿರುವುದನ್ನೂ ಅಲ್ಲಿ ಕಣ್ಣಾರೆ ಕಂಡ ಹುಡುಗನು ಬಯಲುಸೀಮೆಯ ಯಾವುದೋ ಠಾಣೆಯ ಹಿಂದೆ ಪೊದೆಯಲ್ಲಿ ಮುಚ್ಚಿಹೋದ ಕಲ್ಲುಕಂಬವನ್ನು ಕಂಡಾಗ, ಇದು ನೀರಿನ ತೊಟ್ಟಿಯ ಕಾಲು ಎಂದು ಹೇಳಬಲ್ಲನು.

೬. ಕಟ್ಟಿ ಅಳಿದದ್ದು, ಕಟ್ಟದೆ ಉಳಿದದ್ದು

ಹಳೆಯ ನಕ್ಷೆಗಳಲ್ಲಿ ಇನ್ನೊಂದು ಮೋಸವಿದೆ. ಚುಕ್ಕೆಚುಕ್ಕೆಯಾಗಿ ಎಳೆದ ರೈಲುದಾರಿಯ ಗೆರೆ ಯೋಜನೆಯನ್ನು ಸೂಚಿಸುತ್ತದೆಯೇ ಹೊರತು ರೈಲನ್ನಲ್ಲ. ಅದನ್ನು ನೋಡಿ, ಅಲ್ಲಿ ರೈಲು ಓಡುತ್ತಿತ್ತು, ಆಮೇಲೆ ಕಿತ್ತರು ಎಂದು ನಂಬಿದವರುಂಟು.

ಕಟ್ಟಿ ಅಳಿದದ್ದಕ್ಕೆ ನೆರೆಯಲ್ಲಿ ಎರಡು ನಿದರ್ಶನ ಕೊಡುತ್ತೇನೆ. ಕೊಯಮತ್ತೂರು ಜಿಲ್ಲೆಯ ದಕ್ಷಿಣದ ಅಂಚಿಗೆ ತಾಗಿರುವ ಪರಂಬಿಕುಳಂ ಕಾಡಿನಿಂದ ಚಾಲಕ್ಕುಡಿಗೆ ತೇಗವನ್ನು ಸಾಗಿಸಲು ಕೊಚ್ಚಿ ಸಂಸ್ಥಾನದವರು ಟ್ರಾಂ ದಾರಿಯನ್ನು ಕಟ್ಟಿದ್ದರು. ಸುಮಾರು ಎಂಬತ್ತು ಕಿಲೋಮೀಟರು ಉದ್ದದ ಆ ದಾರಿಯ ಇಳಿಜಾರುಗಳಲ್ಲಿ ಕೆಳಗಿಳಿಯುವ ತುಂಬಿದ ಗಾಡಿಯ ಭಾರವೇ ಬರಿಯ ಗಾಡಿಯನ್ನು ಮೇಲಕ್ಕೆಳೆಯುತ್ತಿತ್ತು. ಅದು ೧೯೬೩ರಲ್ಲಿ ನಿಂತುಹೋಯಿತು. ಈಗ ಪರಂಬಿಕುಳಂಗೆ ರಸ್ತೆಯಿಂದ ಹೋಗುವವರು ಕೊಯಮತ್ತೂರು ಜಿಲ್ಲೆಯ ಟಾಪ್‌ಸ್ಲಿಪ್ಪಿನ ಮೂಲಕವೇ ಹೋಗಬೇಕು. ಬೆಟ್ಟದ ನೆತ್ತಿಯಿಂದ ಮರದ ದಿಮ್ಮಿಗಳನ್ನು ಜಾರಿಬಿಡುತ್ತಿದ್ದುದರಿಂದ ಆ ಸ್ಥಳಕ್ಕೆ ಆ ಹೆಸರು. ಸಾಗಣೆಯ ಕ್ರಮ ಹೋಗಿ ಹೆಸರು ಮಾತ್ರ ನಕ್ಷೆಯಲ್ಲಿ ನಿಂತಿದೆ. ಇನ್ನೊಂದು ನಿದರ್ಶನ ಗಡಿನಾಡಿನ ಹೊಸೂರು. ೧೯೦೬ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ ಹಾಕಿ, ೧೯೧೩ರಲ್ಲಿ ಹೊಸೂರಿನವರೆಗೆ ಎಳೆದ ಎರಡೂವರೆ ಅಡಿಯ ಕಿರುದಾರಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಚ್ಚಿಬಿಟ್ಟರು.

ಕಟ್ಟದೆ ಉಳಿದದ್ದಕ್ಕೆ ನಿದರ್ಶನ ನಮ್ಮದೇ ದಾರಿ. ಮೈಸೂರಿನಿಂದ ನಂಜನಗೂಡಿಗೆ ೧೮೯೧ರಲ್ಲಿ ಬಂದ ರೈಲು ೧೯೨೬ರಲ್ಲಿ ಚಾಮರಾಜನಗರಕ್ಕೆ ಮುಟ್ಟಿ ಅಲ್ಲಿಯೇ ನಿಂತಿತು. ೫೮ ಎ ಎಂಬ ಒಂದೇ ಚೌಕವನ್ನು ಬಿಚ್ಚಿ ನೋಡಿರಿ. ಮೇಲಿನ ಅಂಚಿನಲ್ಲಿ ಚಾಮರಾಜನಗರದ ಠಾಣೆ, ಕೆಳಭಾಗದಲ್ಲಿ ಹೆಚ್ಚುಕಡಮೆ ಅದೇ ರೇಖಾಂಶದ ಮೇಲೆ ಮೆಟ್ಟುಪಾಳ್ಯದ ಠಾಣೆ. ನೇರವಾಗಿ ಅಳೆದರೆ ನಡುವೆ ಎಪ್ಪತ್ತು ಕಿಲೋಮೀಟರು. ಆ ನಡುವೆ ಘಟ್ಟ, ಮೋಯಾರಿನ ಕಣಿವೆ, ಕಾಡು. ಎರಡು ತುದಿಗಳನ್ನು ಕೂಡಿಸುವ ಮಾತು ಹಳೆಯದು. ಬೆಂಗಳೂರಿನಿಂದ ಚಾಮರಾಜನಗರದ ಮೂಲಕ ಸತ್ಯಮಂಗಲಕ್ಕೆ ದಾರಿ ಹಾಕುವ ಯೋಜನೆ ೧೯೯೬–೯೭ರ ರೈಲ್ವೆ ಆಯವ್ಯಯದಲ್ಲಿಯೂ ಸೇರಿತ್ತು. ಆದರೆ ಆನೆ ಹುಲಿಗಳ ಕಾಡನ್ನು ಸೀಳುವುದಕ್ಕೆ ಅರಣ್ಯದ ಒಪ್ಪಿಗೆ ದೊರೆಯಲಿಲ್ಲ. ಸತ್ಯಮಂಗಲದ ಕಾಡು ೨೦೧೩ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಕೊಳ್ಳೇಗಾಲದ ಹಿರಿಯರು ಜಿಲ್ಲಾಸ್ಥಾನಕ್ಕೆ ಹೋಗಲು ಕಾದ ರೈಲು ಕೊಳ್ಳೇಗಾಲ ಆ ಜಿಲ್ಲೆಯನ್ನೇ ಬಿಟ್ಟರೂ ಬರಲಿಲ್ಲ. ನಕ್ಷೆಯ ಆ ಬರಿದಾದ ಜಾಗವನ್ನೂ ಓದಲು ಕಲಿಯಬೇಕು. ಗೆರೆಯಂತೆಯೇ ಗೆರೆಯಿಲ್ಲದಿರುವುದೂ ಚರಿತ್ರೆಗೆ ಆಧಾರವೇ.

೭. ನಕ್ಷೆ ಹೇಳಲಾರದ್ದು

ಇಷ್ಟೆಲ್ಲ ಹೇಳಿದ ಮೇಲೆ ನಕ್ಷೆಯ ಮೌನವನ್ನೂ ಹೇಳಬೇಕು. ೧೯೨೧ರ ನವೆಂಬರ್ ೧೯ರ ಸಂಜೆ, ಮಾಪಿಳ್ಳೆ ದಂಗೆಯ ಕಾಲದಲ್ಲಿ, ಬಳ್ಳಾರಿಯ ಸೆರೆಮನೆಗೆ ಸಾಗಿಸಲೆಂದು ತಿರೂರಿನಲ್ಲಿ ನೂರು ಮಂದಿ ಬಂದಿಗಳನ್ನು ಗಾಳಿಯಾಡದ ಸರಕಿನ ವ್ಯಾಗನ್ನಿನಲ್ಲಿ ತುಂಬಿದರು. ಪೋತನೂರಿನಲ್ಲಿ ಬಾಗಿಲು ತೆರೆದಾಗ ಒಳಗೆ ಹೆಣಗಳ ರಾಶಿಯಿತ್ತು. ಒಟ್ಟು ಅರುವತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ಕಾಲದ ನಕ್ಷೆಯಲ್ಲಿ ಪೋತನೂರು ಎಂದಿನಂತೆ ಕಪ್ಪು ಗೆರೆಗಳ ಒಂದು ಗಂಟು. ಆ ಬಾಗಿಲು ಯಾವ ಕಂಬಿಯ ಮೇಲೆ, ಯಾವ ಕಟ್ಟೆಯ ಎದುರಿಗೆ ತೆರೆಯಿತೆಂಬುದನ್ನು ಯಾವ ಸರ್ವೇಕ್ಷಣದವರೂ ಗುರುತಿಸುವುದಿಲ್ಲ. ಸ್ಥಳವನ್ನು ನಕ್ಷೆ ತೋರಿಸುತ್ತದೆ. ಅಲ್ಲಿ ನಡೆದದ್ದನ್ನು ಮನುಷ್ಯರೇ ಹೇಳಬೇಕು.

ಇದೇ ಕಾರಣದಿಂದ ಈ ಕೆಲಸಕ್ಕೆ ಅವಸರವಿದೆ ಎನ್ನುತ್ತೇನೆ. ಹಳೆಯ ನಕ್ಷೆಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಟೆಕ್ಸಾಸ್ ವಿಶ್ವವಿದ್ಯಾನಿಲಯದವರು ಅಮೆರಿಕದ ಸೇನೆ ಸಿದ್ಧಪಡಿಸಿದ್ದ ಭಾರತದ ಹಳೆಯ ನಕ್ಷೆಗಳನ್ನು ಅಂತರಜಾಲದಲ್ಲಿ ಎಲ್ಲರಿಗೂ ದೊರೆಯುವಂತೆ ಇಟ್ಟಿದ್ದಾರೆ. ಭಾರತ ಸರಕಾರವೂ ೨೦೨೧ರಲ್ಲಿ ನಕ್ಷೆಗಳ ಮೇಲಿನ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿತು. ಕಾಗದ ಕಾಯುತ್ತದೆ, ಮನುಷ್ಯನ ಆಯುಸ್ಸು ಕಾಯುವುದಿಲ್ಲ. ಪೋತನೂರಿನ ಮೀಟರ್‌ಗೇಜು ಕಟ್ಟೆಯ ಮೇಲೆ ಮೂಟೆ ಹೊತ್ತವರು, ಪೊಳ್ಳಾಚಿ ದಾರಿಯಲ್ಲಿ ಕಂಬಿ ಕಾಯ್ದ ಗ್ಯಾಂಗಿನವರು, ಕೈದೀಪ ಹಿಡಿದು ನಿಂತ ಪಾಯಿಂಟ್ಸ್‌ಮನ್ನರು ಇಂದು ಮುದುಕರಾಗಿದ್ದಾರೆ. ಅವರಲ್ಲಿ ಒಬ್ಬರು ಕಣ್ಣುಮುಚ್ಚಿದರೂ ಒಂದು ಹಾಳೆ ಹರಿದುಹೋದಂತೆಯೇ.

ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ. ಒಂದೊಂದು ಪ್ರೌಢಶಾಲೆಯೂ ತನಗೆ ಹತ್ತಿರದ ಒಂದೇ ಒಂದು ಠಾಣೆಯನ್ನು ಆರಿಸಿಕೊಳ್ಳಲಿ. ಎರಡು ಕಾಲದ ಎರಡು ನಕ್ಷೆಗಳು, ಗ್ರಾಮದ ಸರ್ವೆ ರಿಜಿಸ್ಟರಿನ ಒಂದು ಪ್ರತಿ, ಒಂದು ಅಳತೆಯ ಪಟ್ಟಿ, ಒಬ್ಬ ನಿವೃತ್ತ ರೈಲ್ವೆ ನೌಕರನ ಮಾತು ಇಷ್ಟು ಸಾಕು. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದಂತೆ ಬೇರೆ ಬೇರೆಯಾಗಿ ಬರೆಯಿಸಿರಿ. ಊಹೆಯನ್ನು ಊಹೆ ಎಂದೇ ಬರೆಯಿಸಿರಿ. ಕನ್ನಡದ ಮಕ್ಕಳು ತಮಿಳು ಮಾತನಾಡುವ ಮುದುಕರ ಬಳಿ ಕುಳಿತು ಬರೆದುಕೊಳ್ಳುವಾಗ ಗಡಿಯ ಗೆರೆ ಎಲ್ಲಿದೆ ಎಂಬುದೂ ಸ್ವಲ್ಪ ಹೊತ್ತು ಮರೆತುಹೋಗುತ್ತದೆ. ಅದೂ ಒಂದು ಲಾಭವೇ.

ಪ್ರಶ್ನೆ ಕೇಳಿದ ಹುಡುಗನು ಈಗ ಆ ಹಳೆಯ ನಕ್ಷೆಯ ಪಕ್ಕದಲ್ಲಿ ತನ್ನ ಕೈಯಿಂದಲೇ ಬರೆದ ಇನ್ನೊಂದು ನಕ್ಷೆಯನ್ನು ತೂಗುಹಾಕಿದ್ದಾನೆ. ಅದರಲ್ಲಿ ಕೊಯಮತ್ತೂರಿಗೆ ದಪ್ಪ ಗೆರೆ, ಪೋತನೂರಿಗೆ ತೆಳು ಗೆರೆ. ಕೆಳಗೆ, ನಾನು ಹೇಳದೆಯೇ, ಅಳೆದ ತಾರೀಖನ್ನೂ ಬರೆದ ತಾರೀಖನ್ನೂ ಬೇರೆ ಬೇರೆಯಾಗಿ ನಮೂದಿಸಿದ್ದಾನೆ.